ಅಕ್ಕ ನಂಬಿದ್ದ ಅರವತ್ತು

ಒಣದ್ರಾಕ್ಷಿಯ ವಾಸನೆ ಚೆನ್ನಾಗಿರುತ್ತದೆ ಎನ್ನುವವರು ಅದನ್ನು ಮನೆಯಲ್ಲಿ ಪೊಟ್ಟಣ ಬಿಚ್ಚಿ ಮೂಸಿದವರು. ತಗಡಿನ ಶೆಡ್ಡಿನಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ, ಅಷ್ಟೊಂದು ಹೆಂಗಸರ ಬೆವರಿನ ನಡುವೆ ರಾಶಿ ಸುರಿದ ಹಣ್ಣಿನ ವಾಸನೆಯೇ ಬೇರೆ. ಸಿಹಿ ಹಳಸಿದರೆ ಹೇಗಿರುತ್ತದೋ ಹಾಗೆ. ಅದರ ಮೇಲೆ ಬಣ್ಣ ಕೆಡದಿರಲೆಂದು ಹಾಕುವ ಗಂಧಕದ ಹೊಗೆಯ ಘಾಟು. ಅದು ಸೆರಗಿಗೆ ಹತ್ತುತ್ತದೆ, ಕೂದಲಿಗೆ ಹತ್ತುತ್ತದೆ, ಬುತ್ತಿ ಕಟ್ಟಿಕೊಂಡು ಹೋದ ರೊಟ್ಟಿಗೂ ಹತ್ತುತ್ತದೆ. ಮನೆಗೆ ಬಂದು ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಅಂಟು ಹೋಗುವುದಿಲ್ಲ. ಹದಿಮೂರು ವರ್ಷ ಆ ಅಂಟಿನಲ್ಲಿ ಕೈಯಾಡಿಸಿದ ನನಗೆ ಈಗ ಯಾರಾದರೂ ಪ್ರಸಾದದಲ್ಲಿ ಒಂದು ದ್ರಾಕ್ಷಿ ಹಾಕಿ ಕೊಟ್ಟರೂ ಅದನ್ನು ಆರಿಸಿ ಬದಿಗಿಡುತ್ತೇನೆ.

ನಮ್ಮ ಮನೆ ಬಬಲೇಶ್ವರದಲ್ಲಿ. ಗಂಡನದು ಅಲ್ಲೇ ರಸ್ತೆಯ ಪಕ್ಕ ಪಂಕ್ಚರ್ ಅಂಗಡಿ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವಳು. ನಲವತ್ತೈದನೇ ವಯಸ್ಸಿಗೆ ತಿಕೋಟಾದ ಹತ್ತಿರದ ಒಂದು ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಸೇರಿದೆ. ಕಡ್ಡಿ, ತೊಟ್ಟು, ಕಪ್ಪಾದ ಕಾಯಿ ತೆಗೆದು ಹಾಕಿ, ಹಸಿರು ಬೇರೆ, ಹಳದಿ ಬೇರೆ ಮಾಡುವುದು. ಓದು ಬರಹ ಬರುತ್ತದೆಂದು ಹಾಜರಿ ಪುಸ್ತಕವನ್ನೂ ನನ್ನ ಕೈಗೇ ಕೊಟ್ಟಿದ್ದರು. ಬೆಳಿಗ್ಗೆ ಟಂಟಂ ಆಟೋ ಹತ್ತಿ ಹೋದರೆ ಸಂಜೆಗೆ ವಾಪಸು.

ಶೆಡ್ಡಿನ ಗೋಡೆಗೆ ಹೊಂದಿ ಒಂದು ಸಾಲಿತ್ತು. ಬೆನ್ನಿಗೆ ಆಸರೆ ಬೇಕಾದ ವಯಸ್ಸಿನವರದು. ಒಬ್ಬರಿಗೆ ಬಿಪಿ, ಒಬ್ಬರಿಗೆ ದಮ್ಮು, ಉಳಿದ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಕಾಯಿಲೆಯವರೆಲ್ಲ ಬೆಳಗಿನಿಂದ ಸಂಜೆಯವರೆಗೆ ಸಕ್ಕರೆಯ ರಾಶಿಯ ಮುಂದೆ ಕೂತಿರುತ್ತಿದ್ದೆವು. ಆ ಸಾಲಿನಲ್ಲಿ ನನ್ನ ಬಲಗಡೆ ಕೂರುತ್ತಿದ್ದವಳು ನನಗಿಂತ ಎರಡು ವರ್ಷ ದೊಡ್ಡವಳು. ತಿಕೋಟಾದವಳೇ. ಅವಳ ಮಾವನ ಕಾಲದವರೆಗೆ ಕುರಿ ಕಾಯ್ದ ಮನೆತನ, ಈಗ ಮಗ ಹೊಲ ನೋಡಿಕೊಳ್ಳುತ್ತಾನೆ. ಎತ್ತರದ ಆಳು, ಅಗಲವಾದ ಕೈ, ಮಾತು ಕಡಿಮೆ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚು ಹೊತ್ತು ನಾನು ಅವಳ ಪಕ್ಕದಲ್ಲೇ ಕಳೆದಿದ್ದೇನೆ.

ಅವಳ ವಿಷಯ ಹೇಳುವ ಮೊದಲು ನನ್ನದು ಹೇಳಬೇಕು. ಇಲ್ಲದಿದ್ದರೆ ಎಲ್ಲ ಕೊಳಕನ್ನೂ ಅವಳ ಕಡೆಗೇ ಗುಡಿಸಿ ಹಾಕಿದ ಹಾಗೆ ಆಗುತ್ತದೆ.

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದಾಗ ಐವತ್ತೊಂದು. ಬಿಪಿಯೂ ಇತ್ತು. ವಿಜಯಪುರದಲ್ಲಿ ತೋರಿಸಿದ ಡಾಕ್ಟರು ಕಾಗದದಿಂದ ತಲೆ ಎತ್ತದೆ ಗುಳಿಗೆ ಬರೆದುಕೊಟ್ಟು, ಇದ್ದಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ ಎಂದರು. ದಿನಕ್ಕೆ ನೂರು ಜನಕ್ಕೆ ಹೇಳುವ ಮಾತಿರಬೇಕು. ನನ್ನ ಕಿವಿಯಲ್ಲಿ ಮಾತ್ರ ‘ಇದ್ದಷ್ಟು ದಿನ’ ಎಂಬುದೊಂದೇ ಉಳಿಯಿತು. ಬಸ್ಸಿನಲ್ಲಿ ಕೂತು ಊರಿಗೆ ಬರುವಷ್ಟರಲ್ಲಿ ನಾನು ಐದು ವರ್ಷ ಎಂದು ನಿರ್ಧಾರ ಮಾಡಿಬಿಟ್ಟಿದ್ದೆ. ಯಾರೂ ಹೇಳಿದ್ದಲ್ಲ. ನನ್ನ ತಲೆಗೆ ಬಂದ ಸಂಖ್ಯೆ ಅದು.

ಆಗ ಮಗಳು ವಿಜಯಪುರದ ಕಾಲೇಜಿನಲ್ಲಿ ಬಿಎ ಎರಡನೇ ವರ್ಷ ಓದುತ್ತಿದ್ದಳು. ಅರಕೇರಿಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಹೊಲ ಇದೆ. ಮಗಳು ಒಂದು ವರ್ಷ ತಡೆಯಿರಿ, ಪರೀಕ್ಷೆ ಮುಗಿಸುತ್ತೇನೆ ಎಂದಳು. ಅಪ್ಪ ಒಪ್ಪುವ ಹಾಗಿದ್ದ. ಒಪ್ಪದವಳು ನಾನು. ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತ ಕೂತಿದ್ದಾಗ ಹಿಂದೆ ನಿಂತು ಹೇಳಿದೆ.

“ಒಂದ ವರ್ಷ ತಡಿ ಅಂತಿ. ಆ ವರ್ಷ ನಾ ಇರತೀನಂತ ಯಾರ ಬರಕೊಟ್ಟಾರ ನಿನಗ?”

ಅವಳ ಕೈ ನಿಂತಿತು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ಬೇಸಿಗೆಯಲ್ಲೇ ಮದುವೆಯಾಯಿತು.

ಗಂಡನ ಮನೆಯಲ್ಲಿ ಅವಳಿಗೆ ಯಾವ ತೊಂದರೆಯೂ ಇಲ್ಲ. ಒಳ್ಳೆಯ ಜನ. ಅದರಿಂದಲೇ ನನಗೆ ಹೇಳಿಕೊಳ್ಳಲು ಒಂದು ನೆಪವೂ ಸಿಗುವುದಿಲ್ಲ. ಐದು ವರ್ಷ ಕಳೆಯಿತು, ಆರು ಕಳೆಯಿತು. ನಾನು ಸಾಯಲಿಲ್ಲ, ಅವಳು ಓದಲಿಲ್ಲ. ಹಬ್ಬಕ್ಕೆ ಅರಕೇರಿಗೆ ಹೋದಾಗ ತಾಟಿಗೆ ಅನ್ನ ಹಾಕುತ್ತ, ಇನ್ನೂ ಗಟ್ಟಿ ಅದಿ ನೋಡಬೇ ಯವ್ವಾ ಎನ್ನುತ್ತಾಳೆ. ಅದು ಸಂತೋಷದ ಮಾತೋ ಬೇರೆ ಏನೋ ನಾನು ಕೇಳಿಲ್ಲ. ಅವತ್ತು ಅಡುಗೆಮನೆಯಲ್ಲಿ ಸಾವನ್ನು ಕೋಲಿನ ಹಾಗೆ ಎತ್ತಿ ಅವಳ ಬೆನ್ನಿನ ಮೇಲೆ ಹಿಡಿದ ನನ್ನ ದನಿ ನೆನಪಾದರೆ ಇವತ್ತಿಗೂ ಬಾಯಲ್ಲಿ ಕಹಿ ಏರುತ್ತದೆ.

ಅಕ್ಕನ ಲೆಕ್ಕ ನನ್ನದರ ಹಾಗೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅವಳ ತಾಯಿ, ದೊಡ್ಡಕ್ಕ ಇಬ್ಬರೂ ಇದೇ ಕಾಯಿಲೆಯಿಂದ ಅರವತ್ತು ತುಂಬುವ ಮೊದಲೇ ಹೋಗಿದ್ದರು. ಹಾಗಾಗಿ ತಾನೂ ಅರವತ್ತಕ್ಕೆ ಎಂದು ಅವಳು ನಂಬಿದ್ದಳು. ದುಃಖದಿಂದ ಹೇಳುತ್ತಿರಲಿಲ್ಲ. ಬಸ್ಸಿನ ಸಮಯ ಹೇಳುವ ಹಾಗೆ ಹೇಳುತ್ತಿದ್ದಳು.

ವಿಚಿತ್ರವೆಂದರೆ ಅವಳ ವಯಸ್ಸು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಧಾರ್ ಕಾರ್ಡು ಮಾಡಿಸುವಾಗ ಕಂಪ್ಯೂಟರಿನ ಮುಂದೆ ಕೂತಿದ್ದವನು ಅವಳ ಮುಖ ನೋಡಿ, ಹಿರಿಯ ಮಗಳಿಗೆ ಎಷ್ಟು ವಯಸ್ಸು ಎಂದು ಕೇಳಿ, ತನಗೆ ತಿಳಿದ ಒಂದು ವರ್ಷ ಹಾಕಿದ್ದ. ತಾರೀಖು ಜನವರಿ ಒಂದು. ನಮ್ಮ ಸಾಲಿನ ಹೆಚ್ಚಿನವರು ಕಾರ್ಡಿನ ಪ್ರಕಾರ ಜನವರಿ ಒಂದಕ್ಕೇ ಹುಟ್ಟಿದವರು. ನಾನು ಒಮ್ಮೆ ಹೇಳಿದೆ, ಅಕ್ಕಾ, ನಿನ್ನ ಅರವತ್ತು ಆ ಹುಡುಗನ ಊಹೆ, ಅದು ಯಾವಾಗಲೋ ದಾಟಿ ಹೋಗಿರಬಹುದು ಎಂದು. ಸರ್ಕಾರ ಬರೆದದ್ದು ಸುಳ್ಳಾಗುತ್ತದೆಯೇ ಎಂದು ನನ್ನನ್ನೇ ಕೇಳಿದಳು.

ಅವಳು ತಯಾರಿ ಶುರು ಮಾಡಿದಳು. ಕೊರಳಿನ ಬಂಗಾರದ ಬೋರಮಾಳ ಹಿರಿಯ ಮಗಳಿಗೆ. ಇಳಕಲ್ ಸೀರೆಗಳು ಇಬ್ಬರು ಹೆಣ್ಣುಮಕ್ಕಳಿಗೆ ಸಮಸಮ. ಎರಡು ಆಡು ಸೊಸೆಗೆ. ತವರಿನಿಂದ ತಂದ ತಾಮ್ರದ ಹಂಡೆಯೊಂದು ಯಾರಿಗೆಂದು ತೀರ್ಮಾನವಾಗದೆ ಉಳಿದಿತ್ತು. ಒಂದು ಭಾನುವಾರ ನಾನು ಅವಳ ಮನೆಗೆ ಹೋಗಿದ್ದಾಗ ಇಬ್ಬರು ಹೆಣ್ಣುಮಕ್ಕಳೂ ಬಂದಿದ್ದರು. ಪಡಸಾಲೆಯ ನಡುವೆ ಹಂಡೆ ಇಟ್ಟುಕೊಂಡು, ನೀನು ಬೋರಮಾಳ ಒಯ್ದಿದ್ದೀ, ಇದು ನನಗಿರಲಿ ಎಂದು ಕಿರಿಯಳು, ಅವ್ವ ಮೊದಲು ನನಗೇ ಅಂದಿದ್ದಳು ಎಂದು ಹಿರಿಯಳು. ದನಿ ಏರಿಸಿ ಜಗಳವಾಡಲಿಲ್ಲ. ನಗುತ್ತ ನಗುತ್ತಲೇ ಆಡುತ್ತಿದ್ದರು. ಅಕ್ಕ ಅಲ್ಲೇ ಕಂಬಕ್ಕೆ ಒರಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಕೊನೆಗೆ ಕಿರಿಯಳು ಹಂಡೆಯ ತಳ ತಿರುಗಿಸಿ ತೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಚಹಾ ಕುಡಿಯದೆ ಎದ್ದು ಬಂದೆ.

ಗುಳಿಗೆಯನ್ನೂ ನಿಲ್ಲಿಸಿದಳು. ಎರಡು ಮೂರು ವರ್ಷದ ಸಲುವಾಗಿ ದಿನಾ ಅದನ್ನು ಯಾಕೆ ನುಂಗಬೇಕು ಎನ್ನುತ್ತಿದ್ದಳು. ಉದ್ದನೆಯ ಹಳದಿ ದ್ರಾಕ್ಷಿ ಸಿಕ್ಕರೆ ನನ್ನನ್ನೇ ನೋಡುತ್ತ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಊಟದ ಹೊತ್ತಿನಲ್ಲಿ ನಮ್ಮ ಸಾಲಿನವರಿಗೆಲ್ಲ ಇದೇ ಮಾತು. ಯಾರಿಗೆ ಎಷ್ಟು ಶುಗರ್ ಬಂತು, ಯಾರ ಕಾಲು ಜುಮುಗುಡುತ್ತದೆ, ಯಾರ ಮುಖ ಊದಿದೆ. ಮೊಮ್ಮಗಳ ಮದುವೆ ನೋಡುತ್ತೇನೆ ಎಂದು ಒಬ್ಬರು, ಈ ಯುಗಾದಿ ಕಂಡರೆ ಹೆಚ್ಚು ಎಂದು ಇನ್ನೊಬ್ಬರು. ಹೊರಗಿನಿಂದ ನೋಡಿದವರಿಗೆ ಕಷ್ಟ ಸುಖ ಹಂಚಿಕೊಳ್ಳುತ್ತಿದ್ದೇವೆ ಅನ್ನಿಸಬೇಕು. ನಾನು ಮಾಡುತ್ತಿದ್ದುದು ಬೇರೆ. ಒಬ್ಬೊಬ್ಬರ ಸಂಖ್ಯೆಯನ್ನೂ ನನ್ನದರ ಪಕ್ಕದಲ್ಲಿ ಇಟ್ಟು ನೋಡುತ್ತಿದ್ದೆ. ಅವರದು ನನ್ನದಕ್ಕಿಂತ ಹೆಚ್ಚಿದ್ದರೆ ಅವತ್ತು ನನ್ನ ರೊಟ್ಟಿ ರುಚಿಯಾಗುತ್ತಿತ್ತು. ಇವಳು ನನಗಿಂತ ಮೊದಲು ಹೋಗುತ್ತಾಳೆ ಎಂದು ಮನಸ್ಸಿನಲ್ಲಿ ಅಂದುಕೊಂಡು, ಅಯ್ಯೋ ಪಾಪ ಎಂದು ಬಾಯಲ್ಲಿ ಹೇಳುತ್ತಿದ್ದೆ.

ನನಗೆ ಐವತ್ತೇಳು ನಡೆಯುತ್ತಿದ್ದ ವರ್ಷ ಬೇಸಿಗೆಯಲ್ಲಿ ಶೆಡ್ಡಿನ ಧಣಿ ಒಂದು ಯಂತ್ರ ತರಿಸಿದ. ಬಣ್ಣ ನೋಡಿ ತಾನೇ ದ್ರಾಕ್ಷಿ ಬೇರೆ ಮಾಡುವ ಯಂತ್ರ. ಅದರಿಂದ ತಪ್ಪಿ ಬಂದದ್ದನ್ನು ಓಡುವ ಪಟ್ಟೆಯ ಪಕ್ಕ ನಿಂತು ಆರಿಸಲು ನಾಲ್ಕೈದು ಹೆಂಗಸರು ಸಾಕು. ಹೊರಗಿನಿಂದ ಜನ ಬಂದು ತಿಂಗಳು ಪೂರ ಕಲಿಸುತ್ತಾರೆ. ಧಣಿ ಒಂದು ಕಾಗದ ಹಿಡಿದು, ಮೂಗಿಗೆ ವಸ್ತ್ರ ಒತ್ತಿಕೊಂಡು ನಮ್ಮ ಸಾಲಿನ ಮುಂದೆ ನಿಂತ. ಒರಟು ಮನುಷ್ಯನಲ್ಲ. ನಮ್ಮನ್ನೆಲ್ಲ ಅವ್ವಾರ ಎಂದೇ ಕರೆಯುತ್ತಿದ್ದ.

“ಸಿಟ್ಟ ಮಾಡ್ಕೋಬ್ಯಾಡ್ರಿ ಅವ್ವಾರ. ಕಲಿಸಿದ ಮ್ಯಾಲ ನಾಕ ವರ್ಷರ ಬರಬೇಕಲ್ರಿ. ನೀವು ಇನ್ನ ಎಷ್ಟ ವರ್ಷ ಗಟ್ಟಿ ಇರ್ತೀರಿ, ನೀವ ಹೇಳ್ರಿ.”

ಎಷ್ಟು ವರ್ಷ ಬದುಕುತ್ತೀರಿ ಎಂದು ಕೇಳಿದ ಹಾಗೇ ಇತ್ತು. ಯಾರೂ ಸಿಟ್ಟಾಗಲಿಲ್ಲ. ಒಬ್ಬೊಬ್ಬರಾಗಿ ಹೇಳತೊಡಗಿದರು. ಅಕ್ಕನ ಸರದಿ ಬಂದಾಗ ಅವಳು ಕೈಯಲ್ಲಿದ್ದ ತೊಟ್ಟು ಬಿಸಾಡಿ, ತಲೆ ಎತ್ತಿ, ತನ್ನದು ಈ ವರ್ಷಕ್ಕೇ ಮುಗಿಯುತ್ತದೆ, ತನ್ನನ್ನು ಲೆಕ್ಕದಿಂದ ಬಿಟ್ಟುಬಿಡಿ ಎಂದಳು. ಧಣಿ ತಲೆ ಆಡಿಸಿ ಕಾಗದದ ಮೇಲೆ ಒಂದು ಗೀಟು ಎಳೆದ. ಹಾಗನ್ನಬೇಡಿ ಎಂದು ಬಾಯಿಮಾತಿಗೂ ಹೇಳಲಿಲ್ಲ.

ಆಮೇಲೆ ನಾನು. “ಹತ್ತ ವರ್ಷ ಏನೂ ಆಗಂಗಿಲ್ರಿ ನನಗ,” ಎಂದೆ. ಶುಗರ್ ಇದೆಯೇ ಎಂದು ಕೇಳಿದ. ಸ್ವಲ್ಪ ಇದೆ ಎಂದೆ. ಅವನು ನನ್ನ ಪಾದ ನೋಡಿದ, ಕೈ ನೋಡಿದ, ಮಾತಾಡುವಾಗ ಬಾಯೊಳಗಿನ ಹಲ್ಲನ್ನೂ ನೋಡಿದ. ದನದ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರ ಕಣ್ಣು ಹಾಗೇ ಇರುತ್ತದೆ. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ನನ್ನ ಹೆಸರನ್ನು ಬರೆದುಕೊಂಡ. ಮಗಳಿಗೆ ಒಂದು ವರ್ಷವೂ ಇರುವುದಿಲ್ಲ ಎಂದ ಬಾಯಿ, ಧಣಿಗೆ ಹತ್ತು ವರ್ಷ ಇರುತ್ತೇನೆ ಎಂದಿತು. ಎರಡೂ ಸಲ ಬೇಕಾದದ್ದು ಸಿಕ್ಕಿತು.

ಯಂತ್ರವನ್ನು ಇನ್ನೂ ಜೋಡಿಸುತ್ತಿದ್ದರು, ನಮ್ಮ ಸಾಲು ಮೊದಲಿನ ಹಾಗೇ ಕೂರುತ್ತಿತ್ತು. ಆ ಮಳೆಗಾಲದಲ್ಲಿ ಅಕ್ಕನ ಎಡಗಾಲಿಗೆ ಗಾಯವಾಯಿತು. ಒಡೆದ ಕ್ರೇಟಿನ ಚೂರೊಂದು ಚುಚ್ಚಿಕೊಂಡಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ, ಸಂಜೆ ಚಪ್ಪಲಿಯಲ್ಲಿ ರಕ್ತ ನೋಡಿದಾಗಲೇ ತಿಳಿದದ್ದು. ಹಳೆಯ ಸೀರೆಯ ಚಿಂದಿ ಕಟ್ಟಿಕೊಂಡು ಬರತೊಡಗಿದಳು. ಚಿಂದಿ ಮೊದಲು ಹಳದಿಯಾಯಿತು, ಆಮೇಲೆ ಕಂದು. ಪಾದವನ್ನು ಸೀರೆಯ ಕೆಳಗೆ ಮಡಚಿ ಇಟ್ಟುಕೊಂಡು ದ್ರಾಕ್ಷಿ ಆರಿಸುತ್ತಿದ್ದಳು. ಹದಿನೈದು ದಿನಕ್ಕೆ ವಾಸನೆ ಶುರುವಾಯಿತು. ಹಳಸಿದ ಸಿಹಿಯ ಒಳಗಿಂದ ಸತ್ತ ಇಲಿಯ ವಾಸನೆ ಎದ್ದ ಹಾಗೆ. ದ್ರಾಕ್ಷಿಯ ಮೇಲೆ ಕೂತಿದ್ದ ನೊಣ ಎದ್ದು ಅವಳ ಕಾಲಿಗೆ ಹೋಗಿ ಕೂರುತ್ತಿತ್ತು, ಅಲ್ಲಿಂದ ಎದ್ದು ಮತ್ತೆ ದ್ರಾಕ್ಷಿಗೆ ಬರುತ್ತಿತ್ತು. ನಾನು ನೊಣವನ್ನೇ ನೋಡುತ್ತ ಕೂರುತ್ತಿದ್ದೆ.

ದವಾಖಾನೆಗೆ ಹೋಗು ಎಂದು ಎರಡು ಸಲ ಹೇಳಿದೆ. ಇನ್ನು ನಾಲ್ಕು ತಿಂಗಳು ಹೇಗೋ ತಡೆಯುತ್ತದೆ ಬಿಡು ಎಂದಳು. ಮೂರನೇ ಸಲ ಹೇಳಲಿಲ್ಲ. ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆ ಎಂದು ಸುಳ್ಳು ಹೇಳಿ ಸಾಲಿನ ಆ ತುದಿಗೆ ನನ್ನ ಗೋಣಿತಟ್ಟು ಎತ್ತಿಕೊಂಡು ಹೋದೆ. ಆ ತುದಿಯಲ್ಲಿ ಫ್ಯಾನೇ ಇರಲಿಲ್ಲ.

ಎರಡು ದಿನ ಬಿಟ್ಟು ಧಣಿಗೆ ಹೇಳಿದೆ. ಜನ ತಿನ್ನುವ ಪದಾರ್ಥ, ಹೀಗಾದರೆ ಹೇಗೆ ಎಂದೆ. ಆ ಮಾತಿನಲ್ಲಿ ತಪ್ಪಿಲ್ಲ, ಯಾರಾದರೂ ಹೇಳಲೇಬೇಕಿತ್ತು. ಆದರೆ ನಾನು ಹೇಳಿದ್ದು ಜನರ ಸಲುವಾಗಿ ಅಲ್ಲ. ಆ ದಿನಗಳಲ್ಲಿ ಸಂಜೆ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಕಸಬರಿಗೆಯ ಕಡ್ಡಿ ತೆಗೆದುಕೊಂಡು ನನ್ನ ಅಂಗಾಲಿಗೆ ಚುಚ್ಚಿ ನೋಡುತ್ತಿದ್ದೆ. ಎಡಗಾಲಿನ ಹೆಬ್ಬೆರಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಕ್ಕನ ಕಾಲು ಎರಡು ಮೂರು ವರ್ಷದ ಆಚೆಗಿನ ನನ್ನ ಕಾಲು. ಅದು ನನ್ನ ಕಣ್ಣ ಮುಂದೆ ಇರಬಾರದಾಗಿತ್ತು.

ಧಣಿ ಕೂಡಲೇ ಎದ್ದು ಬಂದ. ಅಕ್ಕನಿಗೆ, ಮನೆಯಲ್ಲಿ ಆರಾಮ ಮಾಡಿ ಅವ್ವಾರ, ಗಾಯ ಮಾಯ್ದ ಮೇಲೆ ನೋಡೋಣ ಎಂದ. ಅವಳು ಬುತ್ತಿಗಂಟು ತೆಗೆದುಕೊಂಡು ಗೋಡೆ ಹಿಡಿದು ಎದ್ದು ಹೋದಳು. ಅವಳು ಕೂತಿದ್ದ ಗೋಣಿತಟ್ಟನ್ನು ಶೆಡ್ಡಿನ ಮೇಸ್ತ್ರಿ ಎರಡು ಬೆರಳಿನಲ್ಲಿ ಎತ್ತಿ ಹೊರಗೆ ಎಸೆದ. ಆ ಜಾಗಕ್ಕೆ ಫಿನಾಯಿಲ್ ಹಾಕಿ ಎರಡು ಸಲ ತೊಳೆಸಿದ. ಅವಳು ಬೆಳಗಿನಿಂದ ಆರಿಸಿಟ್ಟಿದ್ದ ಕ್ರೇಟು ಮಾತ್ರ ಅಲ್ಲೇ ಇತ್ತು. ಅದನ್ನು ಏನು ಮಾಡುತ್ತಾರೆ ಎಂದು ನಾನು ಕಾದು ನೋಡಿದೆ. ಮೇಸ್ತ್ರಿ ಧಣಿಯ ಮುಖ ನೋಡಿದ. ಧಣಿ ಬೇರೆ ಕಡೆ ನೋಡಿದ. ಮೇಸ್ತ್ರಿ ಕ್ರೇಟು ಎತ್ತಿ ದೊಡ್ಡ ರಾಶಿಗೆ ಸುರಿದ. ನಾನೂ ಸುಮ್ಮನಿದ್ದೆ. ಜನ ತಿನ್ನುವ ಪದಾರ್ಥ ಎಂದು ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ.

ಮೂರು ವಾರದ ಮೇಲೆ ಸುದ್ದಿ ಬಂತು. ಅಕ್ಕನಿಗೆ ಜ್ವರ ಏರಿ ಪ್ರಜ್ಞೆ ತಪ್ಪಿದೆ, ಮಗ ವಿಜಯಪುರದ ದವಾಖಾನೆಗೆ ಸೇರಿಸಿದ್ದಾನೆ, ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ ಎಂದು. ಮೋಸಂಬಿ ತೆಗೆದುಕೊಂಡು ನೋಡಲು ಹೋದೆ. ವಾರ್ಡಿನಲ್ಲಿ ಕೀವು, ಔಷಧಿ, ಯಾರೋ ಮುಚ್ಚದೆ ಬಿಟ್ಟ ಸಾರಿನ ಡಬ್ಬಿ, ಎಲ್ಲ ಸೇರಿ ಒಂದೇ ವಾಸನೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗಲಿಲ್ಲ. ಒಂದು ದಿನ ತಡವಾಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಮಗ ಧಣಿಯನ್ನು ಹೊಗಳಿದ. ಧಣಿ ಮನೆಗೆ ಕಳಿಸಿದ್ದಕ್ಕೇ ಅವ್ವ ಮನೆಯಲ್ಲಿದ್ದಳು, ಮನೆಯಲ್ಲಿದ್ದುದಕ್ಕೇ ತಮಗೆ ವಾಸನೆ ತಿಳಿಯಿತು, ಜ್ವರ ತಿಳಿಯಿತು ಎಂದ. ದೇವರಂಥ ಮನುಷ್ಯ ಎಂದ. ನಾನು ಮೋಸಂಬಿಯ ಚೀಲವನ್ನು ಮಂಚದ ಕೆಳಗಿಟ್ಟು ಹೊರಗೆ ಬಂದೆ. ಗೇಟಿನ ಹತ್ತಿರ ಮೋರಿಯಲ್ಲಿ ವಾಂತಿ ಮಾಡಿಕೊಂಡೆ.

ಜನವರಿ ಒಂದು ಬಂತು. ಅಕ್ಕನಿಗೆ ಕಾರ್ಡಿನ ಪ್ರಕಾರ ಅರವತ್ತು ತುಂಬಿತು. ಸಂಕ್ರಮಣದ ಮರುದಿನ ಅವಳ ಮನೆಗೆ ಹೋದೆ. ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಮೈ ಇಳಿದಿತ್ತು. ಒಂದು ಸಾದಾ ಸೀರೆ. ಸೊಸೆ ಚಹಾ ಕೊಟ್ಟು ಹಿತ್ತಲಿಗೆ ಹೋದಳು.

“ಅರವತ್ತ ಆತು,” ಎಂದಳು ಅಕ್ಕ. “ಸಾಯಾಕ ಎಲ್ಲಾ ತಯಾರಿ ಮಾಡ್ಕೊಂಡಿದ್ನಿ. ಬದಕಾಕ ಏನೂ ಇಟ್ಕೊಂಡಿಲ್ಲಬೇ.”

ಆಮೇಲೆ ಒಂದೊಂದೇ ಹೇಳಿದಳು. ಉಡಲು ಎರಡೇ ಸೀರೆ ಉಳಿದಿದ್ದವು, ಒಂದು ಒಗೆದರೆ ಇನ್ನೊಂದು. ಆಡು ತಿರುಗಿ ಕೊಡು, ಕೂತಲ್ಲೇ ಮೇವು ಹಾಕಿಕೊಂಡು ನೋಡಿಕೊಳ್ಳುತ್ತೇನೆ ಎಂದು ಸೊಸೆಯನ್ನು ಕೇಳಿದ್ದಳಂತೆ. ಸೊಸೆ ಕೆಟ್ಟವಳಲ್ಲ. ಕೊಟ್ಟದ್ದನ್ನು ತಿರುಗಿ ಕೇಳ್ತಾರೇನ್ರಿ ಅತ್ತಿ ಎಂದು ನಕ್ಕಳಂತೆ. ಹೆಣ್ಣುಮಕ್ಕಳಿಗೆ ಹೇಳಿದರೆ ಅವರೂ ನಕ್ಕರಂತೆ. ಸಾಯುವವಳೆಂದು ಎಲ್ಲರೂ ಅವಳ ಕೈಯಿಂದ ತೆಗೆದುಕೊಂಡಿದ್ದರು. ಸಾಯದೆ ಉಳಿದವಳಿಗೆ ಹೇಗೆ ತಿರುಗಿ ಕೊಡಬೇಕೆಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನನಗೆ ಅವರ ಮೇಲೆ ಹೇಸಿಗೆ ಉಕ್ಕಿ ಬಂತು. ಆಮೇಲೆ ನನ್ನ ಮಗಳ ಎರಡು ವರ್ಷದ ಓದು ನೆನಪಾಯಿತು, ಬಾಯಿ ಮುಚ್ಚಿಕೊಂಡು ಕೂತೆ.

ಅಕ್ಕ ಎಲೆ ಅಡಿಕೆಯ ಚೀಲ ಬಿಚ್ಚುತ್ತ ಹೇಳಿದಳು. “ಧಣಿಗೆ ಹೇಳಿದಾಕಿ ನೀನ ಅಂತ ನನಗ ಗೊತ್ತೈತಿ.”

ಹೌದು ಎಂದೆ.

“ವಾಸನಿ ಬರಾಕತ್ತಿತ್ತಂದ್ರ ನನ್ನ ಮುಂದ ಹೇಳಬೇಕಿತ್ತು. ಮೂಗ ಮುಚ್ಕೊಂಡ ಎದ್ದ ಹೋದಿ.”

ಅದಕ್ಕೂ ಹೌದು ಎಂದೆ. ಧಣಿ ಮನೆಗೆ ಕಳಿಸಿದ್ದರಿಂದಲೇ ನಾನು ಉಳಿದೆ ಎಂದು ಮಗ ಹೇಳುತ್ತಾನೆ, ಆದರೆ ಉಳಿಸಿದ್ದಕ್ಕೆ ನಿನಗೆ ಕೈ ಮುಗಿಯುವುದಿಲ್ಲ ಎಂದಳು. ಆಮೇಲೆ ಸೀರೆ ಸರಿಸಿ ಕಾಲು ಹೊರಗೆ ಚಾಚಿದಳು. ಮೊಣಕಾಲಿನ ಕೆಳಗೆ ಒಂದು ಗೇಣು, ಅದರ ಮೇಲೆ ಸಡಿಲಾದ ಪಟ್ಟಿ. ಗಾಯ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ದಿನಾ ಸೊಸೆ ಕಟ್ಟುತ್ತಾಳೆ, ಇವತ್ತು ನೀನು ಕಟ್ಟು ಎಂದಳು.

ನಾನು ಕೈ ತೊಳೆದುಕೊಂಡು ಬಂದು ನೆಲದ ಮೇಲೆ ಕೂತೆ. ಪಟ್ಟಿ ಬಿಚ್ಚಿದೆ. ಹೊಲಿಗೆಯ ಒಂದು ತುದಿಯಲ್ಲಿ ಬಿಳಿ ನೀರು ಕೂತಿತ್ತು. ಚರ್ಮ ಹೊಳೆಯುತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿದಾಗ ಬಿಸಿಯಿತ್ತು. ಅಕ್ಕ ಗಾಯ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

“ಹೇಸಿಗಿ ಬರಾಕತ್ತೈತೇನ?”

“ಬರಾಕತ್ತೈತಿ ಅಕ್ಕಾ.”

“ನನಗೂ ಬರತೈತಿ. ಕಟ್ಟ.”

ಔಷಧಿ ಹಚ್ಚಿ ಹೊಸ ಪಟ್ಟಿ ಸುತ್ತಿದೆ. ಎರಡನೇ ಸಲಕ್ಕೆ ಸರಿಯಾಗಿ ಕೂತಿತು. ಅದಾದ ಮೇಲೆ ವಾರಕ್ಕೊಮ್ಮೆಯಾದರೂ ಹೋಗತೊಡಗಿದೆ. ಅವಳು ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ಯಂತ್ರದ ಪಕ್ಕದ ನನ್ನ ಕೆಲಸ ಬಹಳ ದಿನ ನಡೆಯಲಿಲ್ಲ. ನಿಂತೇ ಮಾಡುವ ಕೆಲಸ, ಪಟ್ಟೆ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ನಾನು ಹೋಗಿ ಬರುವಷ್ಟರಲ್ಲಿ ಕಡ್ಡಿ ತೊಟ್ಟು ಎಲ್ಲ ಹಾಗೇ ದಾಟಿಬಿಡುತ್ತಿದ್ದವು. ಮೇಸ್ತ್ರಿ ನಾನು ಎಷ್ಟು ಸಲ ಹೋಗುತ್ತೇನೆ ಎಂದು ಗೋಡೆಯ ಮೇಲೆ ಇದ್ದಲಿನಿಂದ ಗೀಟು ಹಾಕತೊಡಗಿದ. ಆ ಗೀಟುಗಳನ್ನು ಎಲ್ಲರೂ ನೋಡುತ್ತಿದ್ದರು. ಹತ್ತು ವರ್ಷ ಎಂದು ಹೇಳಿದ್ದವಳು ವರ್ಷ ತುಂಬುವ ಹೊತ್ತಿಗೆ ಬಿಟ್ಟು ಬಂದೆ. ಧಣಿ ಹಸನ್ಮುಖಿಯಾಗಿಯೇ ಕಳಿಸಿದ. ಹೋಗುವಾಗ ಒಂದು ಪೊಟ್ಟಣ ಒಣದ್ರಾಕ್ಷಿ ಕೊಟ್ಟ. ಅದನ್ನು ದಾರಿಯಲ್ಲಿ ಒಂದು ಎಮ್ಮೆಯ ಮುಂದೆ ಸುರಿದೆ.

ಅಕ್ಕನ ಗಾಯ ಪೂರ್ತಿ ಮಾಯಲು ಇನ್ನೊಂದು ಮಳೆಗಾಲ ಬೇಕಾಯಿತು. ದೀಪಾವಳಿ ಕಳೆದ ಮೇಲೆ ಕೃತಕ ಕಾಲು ಹಾಕಿಸಲು ನಾವಿಬ್ಬರೇ ವಿಜಯಪುರಕ್ಕೆ ಹೋದೆವು. ಮಗ ಕಾರು ಮಾಡಿಕೊಡುತ್ತೇನೆ ಎಂದರೂ ಬೇಡವೆಂದು ಬಸ್ಸಿನಲ್ಲೇ ಹೊರಟಳು. ಕಾಲು ಮಾಡುವ ಅಂಗಡಿ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿತ್ತು. ಮೊದಲ ಸಲ ಅಳತೆ ತೆಗೆದುಕೊಂಡು ಕಳಿಸಿದರು. ಎರಡನೇ ಸಲ ಹೋದಾಗ ಕಾಲು ತಯಾರಾಗಿತ್ತು. ಅಂಗಡಿಯವನು ಅದನ್ನು ಚೀಲದಿಂದ ತೆಗೆದು ಅವಳ ಮುಂದಿಟ್ಟ. ಬಣ್ಣ ಬೆಳ್ಳಗೆ, ಗುಲಾಬಿ ಛಾಯೆ. ಪೇಟೆಯ ಬಟ್ಟೆ ಅಂಗಡಿಯ ಬೊಂಬೆಗೆ ಇರುತ್ತದಲ್ಲ, ಹಾಗೆ. ಅಕ್ಕ ತನ್ನ ಕರಿಯ ಬಲಗಾಲನ್ನು ಅದರ ಪಕ್ಕ ಇಟ್ಟು ನೋಡಿದಳು. ಅವಳ ಮುಖ ಕಿವುಚಿಕೊಂಡಿತು.

“ಇದ ಯಾರ ಕಾಲಪಾ? ನನ್ನ ಮೈಗೆ ಇದನ್ನ ಹೆಂಗ ಹಚ್ಚತಿ?”

ಸೀರೆ ಕೆಳಗೆ ಕಾಣುವುದಿಲ್ಲ ಎಂದು ಅವನು ಹೇಳಿದ. ತನಗೆ ಕಾಣುತ್ತದೆ ಎಂದಳು. ಹೆಚ್ಚಿನವರು ಇದನ್ನೇ ಒಯ್ಯುತ್ತಾರೆ ಎಂದ. ಒಯ್ಯಲಿ ಎಂದಳು. ನಾನು ನಡುವೆ ಬಾಯಿ ಹಾಕಿ, ಹೋಗಲಿ ಬಿಡಕ್ಕಾ, ನಡೆದಾಡಲು ಬಂದರೆ ಸಾಕಲ್ಲ ಎಂದೆ. ಅವಳು ನನ್ನನ್ನೊಮ್ಮೆ ನೋಡಿ ಅದನ್ನು ಅವನ ಕಡೆಗೇ ದೂಡಿದಳು. ಅಂಗಡಿಯವನು ಒಳಗೆ ಹೋಗಿ ಹುಡುಕಿ ಇನ್ನೊಂದು ಪಾದ ತಂದ. ಅದು ತೀರ ಮಣ್ಣಿನ ಬಣ್ಣ. ಅದನ್ನೂ ದೂಡಿದಳು. ಮೂರನೆಯದು ಬೇಕೆಂದರೆ ತರಿಸಬೇಕಾಗುತ್ತದೆ, ಹದಿನೈದು ದಿನ ಹಿಡಿಯುತ್ತದೆ ಎಂದ. ತರಿಸು ಎಂದಳು. ಅವನಿಗೆ ಬೇಸರ ಬಂದಿತ್ತು, ಆದರೂ ನಯವಾಗಿಯೇ ಹೇಳಿದ, ಅವ್ವಾರ, ಇದೇನು ಕೊನೆಯತನಕ ಇರುವುದಲ್ಲ, ಮೂರು ನಾಲ್ಕು ವರ್ಷಕ್ಕೆ ಹೇಗೂ ಬದಲಾಯಿಸಬೇಕಾಗುತ್ತದೆ ಎಂದು.

ಅಕ್ಕ ಅವನನ್ನೇ ನೋಡುತ್ತ ಕೂತಳು. ಅಂದರೆ ನಾಲ್ಕು ವರ್ಷ ಬಿಟ್ಟು ಮತ್ತೆ ಬರಬೇಕೇ ಎಂದು ಕೇಳಿದಳು. ಹೌದು, ಆಮೇಲೂ ಬರಬೇಕಾಗುತ್ತದೆ ಎಂದ. ಅವಳು ಊರುಗೋಲು ಹಿಡಿದು ಬಾಗಿಲಿನವರೆಗೆ ಹೋಗಿ, ಹೊರಗೆ ಮೋರಿಗೆ ಎಲೆ ಅಡಿಕೆ ಉಗಿದು ಬಂದಳು.

“ಹಂಗಾದ್ರ ನಂದ ಬಣ್ಣದ್ದ ತರಸು,” ಎಂದಳು. “ಅಷ್ಟ ವರ್ಷ ಮತ್ತೊಬ್ಬರ ಕಾಲ ನೋಡ್ಕೋತ ಕುಂದ್ರಾಕ ನನ್ನ ಕಡೆ ಆಗಂಗಿಲ್ಲ.”

ಹದಿನೈದು ದಿನ ಎಂದದ್ದು ತಿಂಗಳಾಯಿತು. ಮತ್ತೆ ಹೋದೆವು. ಈ ಸಲ ಬಣ್ಣ ಹತ್ತಿರ ಹತ್ತಿರ ಹೊಂದುತ್ತಿತ್ತು. ಪೂರ್ತಿ ಅಲ್ಲ. ಅವಳು ಬಹಳ ಹೊತ್ತು ನೋಡಿ, ಬೇಷ್ ಎನ್ನದೆ, ಬೇಡ ಎಂದೂ ಅನ್ನದೆ ಕಟ್ಟಿಸಿಕೊಂಡಳು. ಅಂಗಡಿಯೊಳಗಿನ ಎರಡು ಕಂಬಿಗಳ ನಡುವೆ ನಾಲ್ಕು ಸಲ ನಡೆದಳು. ಹಲ್ಲು ಕಚ್ಚಿದ್ದಳು, ಹಣೆಯಿಂದ ಬೆವರು ಇಳಿಯುತ್ತಿತ್ತು. ನೋಯುತ್ತದೆಯೇ ಎಂದು ಕೇಳಿದೆ. ನೋಯುತ್ತದೆ, ಅದಕ್ಕಿಂತ ಹೆಚ್ಚು ಅಸಹ್ಯವಾಗುತ್ತದೆ, ರಬ್ಬರಿನ ವಾಸನೆ ಎಂದಳು.

ಬಸ್ಸು ಹಿಡಿಯಲು ದೊಡ್ಡ ರಸ್ತೆಗೆ ಬರಬೇಕಿತ್ತು. ಗುಮ್ಮಟ ನೋಡಲು ಬಂದ ಜನ ನಮ್ಮನ್ನೂ ನಿಂತು ನೋಡಿದರು. ಟಾಂಗಾದವನೊಬ್ಬ ಹತ್ತಿರಿ ಅವ್ವಾರ ಎಂದು ಕರೆದ. ಅವಳು ತಲೆ ಆಡಿಸಿ ನಡೆದಳು. ನಾನು ರಟ್ಟೆ ಹಿಡಿಯಲು ಹೋದರೆ ಕೈ ಕೊಡವಿದಳು. ಅಷ್ಟು ಹತ್ತಿರದ ದಾರಿಗೆ ಅರ್ಧ ಗಂಟೆ ಹಿಡಿಯಿತು. ನಡುವೆ ಒಂದು ಕಡೆ ಕಲ್ಲಿನ ಮೇಲೆ ಕೂತು, ಕಾಲಿನ ಪಟ್ಟಿ ಸಡಿಲ ಮಾಡಿಕೊಳ್ಳುತ್ತ, ಮುಂದಿನ ಸಲ ಬರುವಾಗ ಈ ಅಂಗಡಿ ಬೇಡ, ಬೇರೆ ಯಾವುದಾದರೂ ಚೆನ್ನಾಗಿರುವುದು ಇದೆಯೇ ಎಂದು ವಿಚಾರಿಸಿ ಇಡು ಎಂದಳು. ವಿಚಾರಿಸುತ್ತೇನೆ ಎಂದೆ.